ಏಳು ಮಂದಿಯ ರಫೀಕ

ಇಷ್ರತ ಆ ಚೀಲವನ್ನು ಎದೆಗೆ ಅವಚಿಕೊಂಡೇ ನಿಜಾಮುದ್ದೀನನ ಅಂಗಡಿಯ ಮೆಟ್ಟಿಲು ಹತ್ತಿದಳು. ಒಳಗಿದ್ದದ್ದು ಒಂದೇ ಕಾಗದ. ಆದರೆ ಅದನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಹಳೆಯ ಕ್ಯಾಲೆಂಡರಿನ ಎರಡು ರಟ್ಟಿನ ನಡುವೆ ಇಟ್ಟು, ರಟ್ಟನ್ನು ಅರಿವೆ ಅಂಗಡಿಯ ಚೀಲಕ್ಕೆ ಇಳಿಸಿ ತಂದಿದ್ದಳು. ತಮ್ಮ ರಫೀಕನ ಸರ್ಟಿಫಿಕೇಟು ಅದು. ಮೇಲೆ ಅವನ ಫೋಟೋ, ಫೋಟೋದ ಮೂಲೆಗೆ ಜಿಲ್ಲಾ ದವಾಖಾನಿಯ ದುಂಡನೆಯ ಶಿಕ್ಕಾ, ಕೆಳಗೆ ಮೂವರು ಡಾಕ್ಟರರ ಸಹಿ. ಹುಟ್ಟಿನಿಂದ ಕೈಕಾಲು ಸ್ವಾಧೀನವಿಲ್ಲ, ನೂರಕ್ಕೆ ಎಂಬತ್ತೈದು ಅಂಶ, ಎಂದು ಸರಕಾರವೇ ಒಪ್ಪಿ ಬರೆದುಕೊಟ್ಟದ್ದು.

ಅದಕ್ಕಾಗಿ ಅಕ್ಕ ತಮ್ಮ ಮೂರು ಸಲ ಗದಗಿಗೆ ಹೋಗಿದ್ದರು. ಮೊದಲ ಸಲ ಡಾಕ್ಟರು ರಜೆ. ಎರಡನೆಯ ಸಲ ಫೋಟೋ ಸಣ್ಣದಾಯಿತು. ಮೂರನೆಯ ಸಲ ಮೂವರೂ ಸಾಲಾಗಿ ಕುಳಿತು ಎರಡೂ ಕೈ ಮೇಲೆ ಎತ್ತು ಅಂದರು. ರಫೀಕ ಎತ್ತಲಿಲ್ಲ, ಬಾಯಿ ಸೊಟ್ಟ ಮಾಡಿ ಏನೋ ಅಂದ. ಅವನ ಮಾತು ತಿಳಿಯುವುದು ತಾಯಿ ಮುಮತಾಜಬಿಗೆ ಮತ್ತು ಇಷ್ರತಳಿಗೆ ಮಾತ್ರ. ಏನಂತಾನೆ ಎಂದು ಡಾಕ್ಟರು ಕೇಳಿದಾಗ ಇಷ್ರತ ಹೇಳಲೋ ಬೇಡವೋ ಎನ್ನುತ್ತಲೇ ಹೇಳಿದಳು: "ಎತ್ತಿದ್ರ ಸರ್ಟಿಫಿಕೇಟ ಕೊಡಂಗಿಲ್ಲ, ಎತ್ತದಿದ್ರ ಮಾತ ಕೇಳಲಿಲ್ಲ ಅಂತೀರಿ, ಯಾವ್ದ ಮಾಡ್ಲಿ ಅಂತ ಕೇಳಾಕತ್ಯಾನ್ರಿ." ಮೂವರೂ ನಕ್ಕು ಸಹಿ ಮಾಡಿದ್ದರು.

ಇಷ್ಟೆಲ್ಲ ಕತೆ ಇದ್ದ ಕಾಗದವನ್ನು ನಿಜಾಮುದ್ದೀನ ಚೀಲದಿಂದ ಹೊರಗೆ ಸಹ ತೆಗೆಯಲಿಲ್ಲ.

ಅದು ಎರಡು ಸಾವಿರದ ಎಂಟರ ಜುಲೈ. ನರಗುಂದದ ಬಸ್‌ಸ್ಟ್ಯಾಂಡಿನ ಎದುರಿಗೆ ಅವನ ಕಂಪ್ಯೂಟರ್ ಅಂಗಡಿ. ಪರೀಕ್ಷೆಯ ರಿಸಲ್ಟು, ರೈಲಿನ ಟಿಕೀಟು, ಮದುವೆಯ ಕಾರ್ಡು ಎಲ್ಲವೂ ಅಲ್ಲೇ. ಎರಡು ವರ್ಷದಿಂದ ಇನ್‌ಕಮ್ ಟ್ಯಾಕ್ಸಿನ ರಿಟರ್ನು ತುಂಬುವುದನ್ನೂ ಹಿಡಿದಿದ್ದ. ಮೂರನೆಯ ಇಯತ್ತೆಯಲ್ಲಿ ಇಷ್ರತಳ ಕೈಯಲ್ಲೇ ಮಗ್ಗಿ ಕಲಿತ ಹುಡುಗ, ಈಗ ಮೀಸೆ ತಿರುವುವಷ್ಟು ದೊಡ್ಡವನು. ಆದರೂ ಆಕೆ ಬಂದರೆ ಎದ್ದು ನಿಂತು ಕುರ್ಚಿ ಒರೆಸುವುದನ್ನು ಬಿಟ್ಟಿರಲಿಲ್ಲ.

"ಕಾಗದದ ಕಾಲ ಮುಗೀತ್ರಿ ಅಕ್ಕೋರ" ಎಂದ. ಮೊದಲಾದರೆ ರಿಟರ್ನಿನ ಬೆನ್ನಿಗೆ ಪಗಾರದ ಪತ್ರ, ವಿಮೆಯ ರಸೀದಿ ಎಲ್ಲ ಪಿನ್ನು ಹೊಡೆದು ಕೊಡಬೇಕಿತ್ತು. ಈಗ ಏನನ್ನೂ ಲಗತ್ತಿಸಬೇಡಿರೆಂದು ಸರಕಾರವೇ ಹೇಳಿಬಿಟ್ಟಿದೆ. ಇಲ್ಲಿ ತುಂಬಿ ಗುಂಡಿ ಒತ್ತುವುದು, ಒಂದು ಹಾಳೆ ಅಕ್ನಾಲೆಜ್‌ಮೆಂಟು ಹೊರಬರುತ್ತದೆ, ಅದಕ್ಕೆ ಸಹಿ ಹಾಕಿ ಗದಗಿನ ಕಚೇರಿಗೆ ಮುಟ್ಟಿಸುವುದು, ಅಷ್ಟೇ ಕೆಲಸ ಎಂದು ತಿಳಿಸಿ ಹೇಳಿದ.

ಯಾರಾದರೂ ಕೇಳಿದರೆ ಎಂದು ಇಷ್ರತ ಕೇಳಿದಳು.

"ಕೇಳಿದಾಗ ತೋರಿಸಿದ್ರಾತು. ಹೋದ ವರ್ಷ ರಫೀಕನ ಹೆಸರ್ಲೆ ಹಾಕಿದ್ನಲ್ಲ, ಯಾರರೆ ಕೇಳಿದ್ರೇನು?"

ಯಾರೂ ಕೇಳಿರಲಿಲ್ಲ, ಅದು ಖರೇ. ಫೆಬ್ರುವರಿಯ ಪಗಾರದಲ್ಲಿ ಮುರಿದುಕೊಂಡ ತೆರಿಗೆ, ಅಂಗವಿಕಲ ತಮ್ಮನನ್ನು ಸಾಕುತ್ತಾಳೆಂಬ ಕಾರಣಕ್ಕೆ, ದೀಪಾವಳಿಯೊಳಗೆ ಬ್ಯಾಂಕಿಗೆ ತಿರುಗಿ ಬಂದಿತ್ತು. ಅದರಲ್ಲೇ ರಫೀಕನ ಗಾಲಿಕುರ್ಚಿ ಬಂದದ್ದು. ಆದರೂ ಚೀಲವನ್ನು ಹಾಗೇ ತಿರುಗಿ ಒಯ್ಯುವಾಗ, ಮನೆಗೆ ಬಂದ ಹಿರಿಯರಿಗೆ ನೀರು ಸಹ ಕೊಡದೆ ಕಳಿಸಿದಂತೆ ಅನಿಸಿತು ಆಕೆಗೆ.

ಅವಳೂ ಸೇರಿ ಶಾಲೆಯ ಏಳೂ ಮಂದಿ ಶಿಕ್ಷಕರ ರಿಟರ್ನನ್ನು ಅವನೇ ತುಂಬಿದ್ದ. ಒಬ್ಬರು ಪಗಾರದ ಪತ್ರ ಕೊಟ್ಟರೆ ಎಲ್ಲರೂ ಅದೇ ಲಕೋಟೆಗೆ ತುರುಕಿ ಕೊಡುವುದು ಗುಡ್ಡದ ಓಣಿಯ ಸಾಲಿಯ ರೂಢಿ. ಸೀರೆ ಮಾರುವವನು ಬಂದರೂ ಹಾಗೇ, ಮಾವಿನಕಾಯಿ ತರಿಸಿದರೂ ಹಾಗೇ. ಸಹಿ ಮಾಡಿಸಿಕೊಂಡು ಬರ್ರಿ ಎಂದು ನಿಜಾಮುದ್ದೀನ ತುಂಬಿದ ರಿಟರ್ನಿನ ಪ್ರತಿ, ಅಕ್ನಾಲೆಜ್‌ಮೆಂಟು ಕೂಡಿಸಿ ಪಿನ್ನು ಹೊಡೆದ ಏಳು ಕಟ್ಟುಗಳನ್ನೂ ಆಕೆಯ ಕೈಗೇ ಕೊಟ್ಟ.

ಮರುದಿನ ಮಕ್ಕಳು ಬಿಸಿಯೂಟಕ್ಕೆ ಸಾಲು ಹಿಡಿದಾಗ ಇಷ್ರತ ಆ ಕಟ್ಟುಗಳನ್ನು ಹೆಸರಿಗೆ ತಕ್ಕಂತೆ ಬೇರೆ ಮಾಡುತ್ತ ಕುಳಿತಳು. ಕಳಕಪ್ಪ ಮಾಸ್ತರನ ಕಟ್ಟಿನ ಪಿನ್ನು ಸಡಿಲಿತ್ತು. ಒಂದು ಹಾಳೆ ಜಾರಿ ನೆಲಕ್ಕೆ ಬಿತ್ತು. ಎತ್ತಿದಳು. ತನ್ನ ರಿಟರ್ನಿನಲ್ಲಿದ್ದ ಅದೇ ಸಾಲು, ತೆರಿಗೆಯ ಲೆಕ್ಕದಿಂದ ಬಿಡುವ ಅದೇ ಎಪ್ಪತ್ತೈದು ಸಾವಿರ. ತೀವ್ರ ಅಂಗವಿಕಲ ಅವಲಂಬಿತರು.

ತನ್ನ ಹಾಳೆಯೇ ಅವನ ಕಟ್ಟಿಗೆ ಸೇರಿತೇನೋ ಎಂದು ಮೇಲಿನ ಹೆಸರು ನೋಡಿದಳು. ಕಳಕಪ್ಪನದೇ. ಪುಷ್ಪಾವತಿ ಅಕ್ಕೋರದನ್ನು ತೆಗೆದಳು. ಅದರಲ್ಲೂ ಇತ್ತು. ಉಳಿದ ನಾಲ್ಕರಲ್ಲೂ ಇತ್ತು. ಕಳಕಪ್ಪನ ಮಗಳು ತಾಲೂಕಿನ ಖೊಖೊ ತಂಡದಲ್ಲಿ ಓಡುವವಳು. ಅವನ ತಾಯಿ ತಮ್ಮೂರು ಯಾವಗಲ್ಲಿನಲ್ಲಿ ಈಗಲೂ ಬುಟ್ಟಿ ಹೊತ್ತು ಹೊಲಕ್ಕೆ ಹೋಗುವಾಕೆ. ಆ ಮನೆಯಲ್ಲಿ ಕೈಕಾಲು ಬಾರದವರು ಯಾರು?

ಯಾರೆಂದು ಆಕೆಗೆ ತಿಳಿಯಲು ತಡವಾಗಲಿಲ್ಲ. ರಫೀಕನೇ. ಹೋದ ವರ್ಷ ಅವನ ಹೆಸರಿನಲ್ಲಿ ಹಾಕಿದ್ದನ್ನು ಯಾರೂ ಕೇಳಲಿಲ್ಲವಲ್ಲ, ಆ ಅಚ್ಚಿನಲ್ಲೇ ಉಳಿದ ಆರನ್ನೂ ಎರಕ ಹೊಯ್ದಿದ್ದ ನಿಜಾಮುದ್ದೀನ. ಮೂರನೆಯ ಇಯತ್ತೆಯಲ್ಲಿ ಹೀಗೇ ಒಂದು ಲೆಕ್ಕವನ್ನು ಇಡೀ ಸಾಲು ಒಂದೇ ಪಾಟಿ ನೋಡಿ ಬರೆದಿತ್ತು. ಅವತ್ತೂ ಸಾಲಿನ ಮೊದಲಿಗೆ ಕುಳಿತವನು ಅವನೇ.

ಕಳಕಪ್ಪ ಮಾಸ್ತರ ಕೈ ತೊಳೆದುಕೊಂಡು ಬಂದ. ಇಷ್ರತ ಹಾಳೆ ಮುಂದಿಟ್ಟು, ಇದು ನಿಮಗೆ ಗೊತ್ತಿತ್ತೇ ಎಂದಳು. ಅವನು ನಕ್ಕ. ಒಳ್ಳೆಯ ಮನುಷ್ಯ, ಮಕ್ಕಳಿಗೆ ಎಂದೂ ಕೈ ಮಾಡದವನು, ಶಾಲೆಯ ಯಾರ ಮನೆಯಲ್ಲೇ ಆಗಲಿ ಹೆರಿಗೆಯಿಂದ ಹಿಡಿದು ಮಣ್ಣಿನ ತನಕ ಎಲ್ಲದಕ್ಕೂ ಬಂದು ನಿಂತವನು. ನಗುವಿನಲ್ಲಿ ಕೆಟ್ಟತನವೇನೂ ಇರಲಿಲ್ಲ, ಅದೇ ಆಕೆಗೆ ಹೆಚ್ಚು ಚುಚ್ಚಿತು.

"ನಿಮ್ಮ ತಮ್ಮನ ಹೆಸರ್ಲೆ ನಮಗೂ ನಾಕ ರೊಕ್ಕ ಬರ್ತಾವ್ರಿ ಅಕ್ಕೋರ. ಪುಣ್ಯ ಅವಂಗ ಹೋಗತೈತಿ. ಸುಮ್ನ ಕುಂತಲ್ಲೆ ಏಳು ಮಂದೀನ ಸಾಕಿದಂಗಾತು."

ಇಷ್ರತ ತನ್ನ ಕಟ್ಟನ್ನು ಬೇರೆ ತೆಗೆದಿಟ್ಟಳು. ಉಳಿದದ್ದನ್ನು ನಿಜಾಮುದ್ದೀನ ಗದಗಿಗೆ ಒಯ್ಯಲಿ, ತನ್ನದನ್ನು ತಾನೇ ಒಯ್ಯುತ್ತೇನೆ, ಸರ್ಟಿಫಿಕೇಟಿನ ಪ್ರತಿ ಮತ್ತು ಒಂದು ವಿವರಣೆಯ ಪತ್ರ ಅದರ ಜೊತೆಗೆ ಲಗತ್ತಿಸಿಯೇ ಕೊಡುತ್ತೇನೆ ಎಂದಳು.

ಕಳಕಪ್ಪನ ನಗು ಅಲ್ಲಿಗೆ ನಿಂತಿತು.

ಪುಷ್ಪಾವತಿ ಅಕ್ಕೋರು ಶಾಲೆಯ ಹೆಡ್. ಅವರಿಗೆ ಈ ಸಾಲು ಇದೆ ಎಂಬುದೇ ಗೊತ್ತಿರಲಿಲ್ಲ. ಇಂಗ್ಲಿಷಿನ ಫಾರ್ಮು, ಸಹಿ ಎಲ್ಲಿ ಅಂದರೆ ಅಲ್ಲಿ ಮಾಡುವವರು. ಗೊತ್ತಾದ ಮೇಲೆ ಅವರ ಮುಖ ಬಿಳಿಚಿತು. ಪಿಂಚಣಿಗೆ ಇನ್ನು ಎರಡೇ ವರ್ಷ. ಗುಂಡಿ ಒತ್ತಿ ಆಗಿದೆ, ಬಾಯಿಂದ ಜಾರಿದ ಮಾತಿನ ಹಾಗೆ, ಈಗ ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ಒಂದೇ ಶಾಲೆಯ ಏಳರಲ್ಲಿ ಒಬ್ಬಳೇ ಪುರಾವೆ ಇಟ್ಟರೆ, ಉಳಿದ ಆರರದು ಎಲ್ಲಿ ಎಂದು ಕೇಳುವುದಿಲ್ಲವೇ? ಕಡೆಗೆ ಇಷ್ರತಳ ಕೈ ಹಿಡಿದುಕೊಂಡು, ಬರೆಯಲೇಬೇಕೆಂದರೆ ಬರಿ ತಾಯಿ, ಆದರೆ ಶಾಲೆಯ ಹೆಸರು ಬೇಡ, ಬರೀ ಮನೆಯ ವಿಳಾಸ ಹಾಕು ಎಂದು ಕೇಳಿಕೊಂಡರು. ಅಷ್ಟು ಮಾತ್ರ ನಡೆಸಿಕೊಡು ಎಂದರು.

ವಯಸ್ಸಾದವರು ಕೈ ಹಿಡಿದು ಕೇಳಿದ್ದಕ್ಕೆ ಇಲ್ಲವೆನ್ನುವ ರೂಢಿಯಿಲ್ಲ ಇಷ್ರತಳಿಗೆ. ನೋಡೋಣ ಎಂದು ಎದ್ದಳು.

ಸಂಜಿಯ ಹೊತ್ತಿಗೆ ನಿಜಾಮುದ್ದೀನ ಮನೆಗೇ ಬಂದ. ಕೈಯಲ್ಲಿ ಖಾರಾ ಶೇವಿನ ಪೊಟ್ಟಣ. ರಫೀಕ ಅಂಗಳದಲ್ಲಿ ತನ್ನ ಗಾಲಿಕುರ್ಚಿಯಲ್ಲಿ ಕುಳಿತಿದ್ದ. ಮೂವತ್ತನಾಲ್ಕರ ಗಂಡಸು, ಮುಮತಾಜಬಿ ಅವನಿಗೆ ಚಹಾ ಕುಡಿಸುತ್ತಿದ್ದಳು. ನಿಜಾಮುದ್ದೀನ ಬಹಳ ಸಮಾಧಾನದಿಂದ ಒಂದು ದಾರಿ ಹೇಳಿದ. ಒಮ್ಮೆ ತುಂಬಿದ್ದನ್ನು ತಿದ್ದಿ ಮತ್ತೆ ಕಳಿಸಲು ಬರುತ್ತದೆ. ಇಷ್ರತಳ ರಿಟರ್ನಿನಿಂದ ಆ ಸಾಲನ್ನೇ ತೆಗೆದುಬಿಡುತ್ತಾನೆ. ಸಾಲೇ ಇಲ್ಲವೆಂದರೆ ಪುರಾವೆಯ ಮಾತೇ ಬರುವುದಿಲ್ಲ. ಆಕೆಗೆ ಬರದೆ ಹೋಗುವ ರೊಕ್ಕವನ್ನು ಉಳಿದ ಆರು ಮಂದಿ ಕೂಡಿಸಿ ಕೊಡಲು ಒಪ್ಪಿದ್ದಾರೆ.

ಇಷ್ರತ ಅವನ ಮುಖವನ್ನೇ ನೋಡಿದಳು. ಇಲ್ಲದವರೆಲ್ಲ ಕಾಗದದಲ್ಲಿ ಇರಬೇಕು, ಇರುವವನೊಬ್ಬನನ್ನು ಅಳಿಸಬೇಕು. ಹುಡುಗನಿಗೆ ತಾನು ಆಡಿದ್ದೇನೆಂದು ಗೊತ್ತೇ ಇರಲಿಲ್ಲ.

ಅಷ್ಟರಲ್ಲಿ ರಫೀಕ ಕುರ್ಚಿಯಲ್ಲಿ ಅಲುಗಾಡಿ, ಕುತ್ತಿಗೆ ಚಾಚಿ, ಬಹಳ ಹೊತ್ತು ತೆಗೆದುಕೊಂಡು ಏನೋ ಹೇಳಿದ. ಮುಮತಾಜಬಿ ಸೆರಗು ಬಾಯಿಗೆ ಇಟ್ಟುಕೊಂಡಳು. ಏನಂತಾನ್ರಿ ಎಂದು ನಿಜಾಮುದ್ದೀನ ಕೇಳಿದ.

"ಏಳು ಮಂದಿ ಮನ್ಯಾಗ ನಾನ ಅದೀನಂತಲ್ಲ, ಹಂಗಾರ ದಿನಕ್ಕೊಂದ ಮನ್ಯಾಗ ಉಣ್ಣಾಕ ಕರೀರಿ ಅಂತಾನ" ಎಂದಳು ಇಷ್ರತ. "ಆದಿತವಾರ ನಮ್ಮನಿ. ಸೋಮವಾರದಿಂದ ಹೊತ್ಕೊಂಡ ಹೋಗು. ಹೇಲು ಉಚ್ಚಿ ತೊಳಿಯೋದು ನಿಮ್ಮ ಪಾಳಿ."

ನಿಜಾಮುದ್ದೀನ ಶೇವಿನ ಪೊಟ್ಟಣವನ್ನು ಕಟ್ಟೆಯ ಮೇಲಿಟ್ಟು ಹೊರಟುಹೋದ.

ಇಷ್ರತ ಪತ್ರ ಬರೆಯಲು ಕುಳಿತಳು. ಕರಿಹಲಗೆಯ ಮೇಲೆ ಬರೆಯುವ ದುಂಡನೆಯ ಅಕ್ಷರದಲ್ಲೇ ಬರೆದಳು. ನನ್ನ ರಿಟರ್ನಿನಲ್ಲಿ ತಮ್ಮನನ್ನು ತೋರಿಸಿದ್ದೇನೆ. ಅವನು ಇದ್ದಾನೆ. ಅವನ ಸರ್ಟಿಫಿಕೇಟಿನ ಪ್ರತಿ ಇದರೊಂದಿಗಿದೆ. ಅವನ ಊಟ, ಔಷಧ, ಅರಿವೆ ಎಲ್ಲ ನನ್ನ ದುಡಿಮೆಯಲ್ಲಿ. ನೋಡಬೇಕೆಂದವರು ಬಂದು ನೋಡಬಹುದು. ಅಷ್ಟು ಬರೆದು ಮುಗಿಸಿ ಹೆಸರಿನ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ಶಾಲೆಯ ಹೆಸರು ಬೇಡ ಎಂದು ಪುಷ್ಪಾವತಿ ಅಕ್ಕೋರು ಹಿಡಿದ ಕೈ ಇನ್ನೂ ಬಿಸಿಯಿತ್ತು.

ಆಗ ಆಕೆಗೆ ಅಪ್ಪ ನೆನಪಾದ. ಲಾಡಸಾಬ ಕೊಣ್ಣೂರಿನವನು. ಹೊಲ ಮಾಡುತ್ತ, ಮೊಹರಮ್ಮಿನ ದಿನ ಬಂದರೆ ರಿವಾಯತ ಪದ ಹಾಡುವವನು. ಹೊಳೆಯ ದಂಡೆಯ ಊರು. ಅವನು ರಾಗ ಎತ್ತಿದರೆ ನೀರು ಸಹ ಸಾವಕಾಶ ಹರಿಯುತ್ತದೆ ಎಂದು ಜನ ಹೇಳುವರು. ತೊಡೆಯ ಮೇಲೆ ರಫೀಕನನ್ನು ಕೂರಿಸಿಕೊಂಡೇ ಹಾಡುವನು. ರಫೀಕನ ಮೊಣಕಾಲು ತಾಳಕ್ಕೆ ಸರಿಯಾಗಿ ಬಡಿಯುವುದು. ಇಷ್ರತ ಬಾಗಿಲ ಹಿಂದೆ ನಿಂತು ಕೇಳಿ ಕೇಳಿ ಎಷ್ಟೋ ಪದ ಎದೆಯಲ್ಲಿ ಇಟ್ಟುಕೊಂಡವಳು, ಬಾಯಿ ಬಿಟ್ಟು ಎಂದೂ ಹಾಡಿದವಳಲ್ಲ.

ಒಂದು ವರ್ಷ ಯಾವಗಲ್ಲಿನಲ್ಲಿ ಎರಡು ಮೇಳದ ಸವಾಲ್ ಜವಾಬ್ ನಡೆದಿತ್ತು. ಎದುರಿನವರು ಪದದಲ್ಲೇ ಒಂದು ಗಟ್ಟಿ ಪ್ರಶ್ನೆ ಎಸೆದರು. ಹಾಡಿನ ಹುಮ್ಮಸ್ಸಿನಲ್ಲಿ ಏನಾದರೊಂದು ಉತ್ತರ ಕಟ್ಟಿ ಹಾಡಿದ್ದರೆ ಜನ ಚಪ್ಪಾಳೆ ತಟ್ಟುತ್ತಿದ್ದರು. ಲಾಡಸಾಬ ತಾಳ ಕೆಳಗಿಟ್ಟ. ಉತ್ತರ ಗೊತ್ತು, ಆಧಾರ ಕೈಯಲ್ಲಿಲ್ಲ, ನಾಳೆ ತರುತ್ತೇನೆ ಎಂದ. ಕೊಣ್ಣೂರಿನವರ ಬಾಯಿಗೆ ಬೀಗ ಬಿತ್ತೆಂದು ಆ ಮಂದಿ ರಾತ್ರಿಯೆಲ್ಲ ಅಣಕಿಸಿದರು. ಮರುದಿನ ಅಪ್ಪ ತನಗೆ ಪದ ಕಲಿಸಿದ ಉಸ್ತಾದರ ಮನೆಯಿಂದ ಬಟ್ಟೆಯಲ್ಲಿ ಸುತ್ತಿದ ಹಳೆಯ ಹೊತ್ತಿಗೆ ಹೊತ್ತು ನಡೆದೇ ಬಂದ. ಹಾಳೆ ತೆರೆದು ಎದುರಿನವರ ಮುಂದಿಟ್ಟು ಆಮೇಲೆ ಬಾಯಿ ಬಿಟ್ಟ. ಮತ್ತೆ ಎಲ್ಲ ಪದದ ಕೊನೆಗೆ ಮಾಡುವಂತೆ ಊರ ಹೆಸರು, ಉಸ್ತಾದರ ಹೆಸರು, ತನ್ನ ಹೆಸರು ಹೇಳಿ ಮುಗಿಸಿದ. ಆ ಮೂರು ಹೆಸರಿಲ್ಲದ ಪದವನ್ನು ಅಪ್ಪ ಹಾಡುತ್ತಿರಲಿಲ್ಲ. ಯಾರು ಬೇಕಾದರೂ ನಮ್ಮದೆಂದು ಒಯ್ಯುತ್ತಾರೆ ಎನ್ನುತ್ತಿದ್ದ.

ರಫೀಕನನ್ನು ಹಾಗೆ ಒಯ್ದೇ ಬಿಟ್ಟಿದ್ದರಲ್ಲ. ಇಷ್ರತ ಪೆನ್ನು ಊರಿ ಬರೆದಳು: ಕೊಣ್ಣೂರಿನ ಲಾಡಸಾಬನ ಮಗಳು, ರಫೀಕನ ಅಕ್ಕ ಇಷ್ರತ, ಸಹಶಿಕ್ಷಕಿ, ಗುಡ್ಡದ ಓಣಿಯ ಹಿರಿಯ ಪ್ರಾಥಮಿಕ ಶಾಲೆ, ನರಗುಂದ.

ಮುಂಜಾನೆ ಶಾಲೆಗೆ ಹೋಗಿ ರಜೆಯ ಅರ್ಜಿ ಕೊಡುವಾಗಲೇ ಆ ಪತ್ರವನ್ನೂ ಪುಷ್ಪಾವತಿ ಅಕ್ಕೋರ ಮುಂದೆ ಇಟ್ಟಳು. ಹಿಂದಿನಿಂದ ಮಾಡುವ ಕೆಲಸ ಅಲ್ಲ ಇದು, ಓದಿರಿ ಎಂದಳು. ಯಾರ ಹೆಸರೂ ಇದರಲ್ಲಿಲ್ಲ, ನನ್ನದೊಂದೇ ಇದೆ ಎಂದಳು. ಅವರು ಓದಿ, ಕಡೆಯ ಸಾಲಿನ ಮೇಲೆ ಬೆರಳಿಟ್ಟರು.

"ಇದೊಂದ ಬ್ಯಾಡ ಅಂದಿದ್ದೆ."

"ಅದೊಂದನ್ನ ಬಿಡಾಕ ಬರಂಗಿಲ್ರಿ ಅಕ್ಕೋರ. ಕಡೀ ತಾರೀಖಿಗೆ ಇನ್ನೂ ಎಂಟ ದಿವಸ ಐತಿ, ತಿದ್ದಾಕ ಬರತೈತಂತ ಅವನ ಹೇಳ್ಯಾನ. ನಿಮ್ಮದನ್ನ ನೀವು ತಿದ್ದರಿ. ನನ್ನದನ್ನ ನಾ ಅಳಸಂಗಿಲ್ಲ."

ರಫೀಕ ಬರುತ್ತೇನೆಂದು ಹಟ ಹಿಡಿದಿದ್ದ. ಕಾಗದ ಬೇಡವೆಂದರೆ ನನ್ನನ್ನು ತೋರಿಸು ಎಂದಿದ್ದ. ತೋರಿಸುವ ವಸ್ತು ಅಲ್ಲ ನೀನು ಎಂದು ಬೈದಳು, ಆದರೂ ಕರೆದುಕೊಂಡು ಹೊರಟಳು. ಬಸ್ಸಿನ ಮೇಲೆ ಕುರ್ಚಿ ಕಟ್ಟಿಸಿದಳು. ಎರಡೂ ಕಡೆ ಕರಿಮಣ್ಣಿನಲ್ಲಿ ಹೆಸರುಕಾಳಿನ ಬೆಳೆ ಹೂ ಬಿಟ್ಟಿತ್ತು. ಬಸ್ಸು ಓಡತೊಡಗಿದರೆ ಅದರ ಸದ್ದಿಗೆ ರಫೀಕನಿಗೆ ಹಾಡಬೇಕು ಅನಿಸುತ್ತದೆ. ಅವನು ಬಾಯಿ ತೆರೆದರೆ ಮಂದಿ ತಿರುಗಿ ನೋಡುತ್ತಾರೆ. ಇಷ್ರತ ಯಾವಾಗಲೂ ಮಾಡುವಂತೆ ಮೆಲ್ಲಗೆ ಅವನ ಬಾಯಿಗೆ ತನ್ನ ಸೆರಗು ಅಡ್ಡ ಹಿಡಿದಳು.

ಗದಗಿನ ಕಚೇರಿ ಮೇಲಿನ ಮಾಳಿಗೆಯಲ್ಲಿತ್ತು. ರಫೀಕನನ್ನು ಕೆಳಗೆ ಚಹಾ ಅಂಗಡಿಯ ನೆರಳಿನಲ್ಲಿ ಬಿಟ್ಟು ಒಬ್ಬಳೇ ಹತ್ತಿದಳು. ಕಿಟಕಿಯ ಮುಂದೆ ಸಾಲು ಇತ್ತು. ಪಾಳಿ ಬಂದಾಗ ಅಕ್ನಾಲೆಜ್‌ಮೆಂಟಿನ ಹಾಳೆ, ಪತ್ರ, ಸರ್ಟಿಫಿಕೇಟಿನ ಪ್ರತಿ ಮೂರನ್ನೂ ಕೂಡಿಸಿ ಕೊಟ್ಟಳು. ಒಳಗಿದ್ದ ಕ್ಲಾರ್ಕ ಪಿನ್ನು ಕಿತ್ತು, ಮೊದಲನೆಯದಕ್ಕೆ ಶಿಕ್ಕಾ ಹೊಡೆದು, ಉಳಿದೆರಡನ್ನು ಹೊರಗೆ ತಳ್ಳಿದ. ಕಂಪ್ಯೂಟರಿನಲ್ಲಿ ತುಂಬಿದ ರಿಟರ್ನಿಗೆ ಏನನ್ನೂ ಲಗತ್ತಿಸಿ ತೆಗೆದುಕೊಳ್ಳುವಂತಿಲ್ಲ, ರೂಲು ಹಾಗಿದೆ ಎಂದ. ಒರಟು ಮಾತೇನೂ ಆಡಲಿಲ್ಲ, ಆದರೆ ಅವನ ಕಣ್ಣು ಆಗಲೇ ಆಕೆಯ ಹಿಂದಿನವನ ಮೇಲಿತ್ತು.

ಇಷ್ರತ ಅಲ್ಲಿಂದ ಸರಿಯಲಿಲ್ಲ. ಹಿಂದಿನವರು ಗೊಣಗಿದರು. ಬಸ್ಸು ತಪ್ಪುತ್ತದೆ ಎಂದ ಒಬ್ಬ. ಅಕ್ಕೋರಿಗೆ ಸಾಲಿ ಇಲ್ಲೇನು ಎಂದ ಇನ್ನೊಬ್ಬ. ಇಪ್ಪತ್ತು ವರ್ಷ ಮಕ್ಕಳ ಗದ್ದಲದಲ್ಲಿ ನಿಂತವಳಿಗೆ ಇದು ಎಷ್ಟರದು.

"ರಿಟರ್ನಿಗೆ ಲಗತ್ತ ಮಾಡಬಾರದಂತ ರೂಲ್ ಐತಿ, ಆತು, ಮಾಡಂಗಿಲ್ಲ" ಎಂದಳು. "ಒಬ್ಬಾಕಿ ಹೆಣ್ಮಗಳು ಸರಕಾರಕ್ಕ ಪತ್ರ ಬರೀಬಾರದಂತ ಯಾವ ರೂಲಿನ್ಯಾಗ ಐತ್ರಿ?"

ಕ್ಲಾರ್ಕ ಈಗ ಆಕೆಯನ್ನು ನೋಡಿದ. ಪೆನ್ನಿನಿಂದ ಮೂಲೆಯ ಕಡೆಗೆ ತೋರಿಸಿದ. ಪತ್ರವಾದರೆ ಟಪಾಲಿನ ಟೇಬಲ್ಲಿಗೆ ಕೊಡಿರಿ, ಯಾರು ಏನು ಬರೆದರೂ ಅಲ್ಲಿ ತೆಗೆದುಕೊಳ್ಳಲೇಬೇಕು ಎಂದ.

ಟಪಾಲಿನ ಟೇಬಲ್ಲಿನಲ್ಲಿ ದಪ್ಪ ಕನ್ನಡಕದ ಹೆಣ್ಣುಮಗಳು ಅಗಲವಾದ ರಜಿಸ್ಟರು ತೆರೆದುಕೊಂಡು ಕುಳಿತಿದ್ದಳು. ಪತ್ರವನ್ನು ಎರಡು ಸಲ ಓದಿದಳು. ತಾರೀಖು ಬರೆದಳು, ಇಂಥವರಿಂದ ಎಂಬಲ್ಲಿ ಇಷ್ರತಳ ಹೆಸರನ್ನು ಶಾಲೆ ಸಮೇತ ಇಳಿಸಿದಳು. ವಿಷಯ ಎಂಬ ಕಾಲಮ್ಮಿಗೆ ಬಂದು ತಡೆದಳು. ಇದರಲ್ಲಿ ಬೇಡಿಕೆ ಇಲ್ಲ, ತಕರಾರಿಲ್ಲ, ಯಾವ ನೋಟೀಸಿಗೂ ಉತ್ತರವಲ್ಲ, ಏನೆಂದು ಬರೆಯಲಿ ಎಂದು ಕೇಳಿದಳು.

"ತಮ್ಮ ಅದಾನ ಅಂತ ಬರೀರಿ" ಎಂದಳು ಇಷ್ರತ.

ಆ ಹೆಣ್ಣುಮಗಳು ಕನ್ನಡಕದ ಮೇಲಿನಿಂದ ಒಂದು ಸಲ ನೋಡಿದಳು. ಆಮೇಲೆ ಅದನ್ನೇ ಬರೆದಳು. ಶಿಕ್ಕಾವನ್ನು ಶಾಯಿಯಲ್ಲಿ ಚೆನ್ನಾಗಿ ಅದ್ದಿ ಪತ್ರದ ಮೇಲೂ ಇಷ್ರತ ಇಟ್ಟುಕೊಂಡಿದ್ದ ಅದರ ಪ್ರತಿಯ ಮೇಲೂ ಒತ್ತಿ, ನಂಬರು ಹಾಕಿ, ಒಂದನ್ನು ತಿರುಗಿ ಕೊಟ್ಟಳು.

ಕೆಳಗೆ ರಫೀಕ ಚಹಾ ಅಂಗಡಿಯವನನ್ನು ಆಗಲೇ ನಗಿಸಿಟ್ಟಿದ್ದ, ಯಾವ ಮಾತಿನಿಂದಲೋ ಆ ದೇವರಿಗೇ ಗೊತ್ತು. ಇಷ್ರತ ಕಾಗದವನ್ನು ಅವನ ಕಣ್ಣಿನ ಸಮಕ್ಕೆ ಹಿಡಿದಳು. ನೇರಳೆ ಶಾಯಿಯ ಶಿಕ್ಕಾ ಅವನ ಹೆಸರಿನ ಪಕ್ಕದಲ್ಲೇ ಬಿದ್ದಿತ್ತು. ಅವನು ಬಹಳ ಹೊತ್ತು ನೋಡಿದ. ನಂಬರು ಓದು ಎಂದ, ಓದಿದಳು. ಮತ್ತೆ ಓದು ಎಂದ.

ತಿರುಗಿ ಬರುವಾಗ ಬಸ್ಸು ತುಂಬಿತ್ತು. ಊರು ದಾಟಿ ಬಯಲಿಗೆ ಬೀಳುತ್ತಿದ್ದಂತೆ ರಫೀಕನ ಮೊಣಕಾಲು ಬಡಿಯತೊಡಗಿತು. ಬಾಯಿ ತೆರೆದ. ಅಪ್ಪನ ಪದ. ಮಾತು ಒಡೆದು ನುಚ್ಚಾಗಿತ್ತು, ಧಾಟಿ ಮಾತ್ರ ಕೂದಲಷ್ಟೂ ಸರಿದಿರಲಿಲ್ಲ. ಮುಂದಿನ ಸೀಟಿನವರು ತಿರುಗಿದರು. ಕಂಡಕ್ಟರು ಟಿಕೀಟು ಹರಿಯುವುದನ್ನು ಬಿಟ್ಟು ನಿಂತ. ಇಷ್ರತಳ ಕೈ ರೂಢಿಯಂತೆ ಸೆರಗಿಗೆ ಹೋಯಿತು, ಅಲ್ಲಿಂದ ತೊಡೆಗೆ ಇಳಿದು ತಾಳ ಹಾಕತೊಡಗಿತು. ಕೊನೆಯ ನುಡಿ ಬಂದಾಗ ಮೂರೂ ಹೆಸರನ್ನು ಆಕೆಯೂ ಅವನ ಜೊತೆಗೆ ಹೇಳಿದಳು, ಕೇಳುವಂತೆ.

ನರಗುಂದದಲ್ಲಿ ಇಳಿದಾಗ ಇನ್ನೂ ಹೊತ್ತು ಮುಳುಗಿರಲಿಲ್ಲ. ಗುಡ್ಡದ ನೆರಳು ಬಸ್‌ಸ್ಟ್ಯಾಂಡಿನ ತನಕ ಬಂದಿತ್ತು. ನಿಜಾಮುದ್ದೀನನ ಅಂಗಡಿಯ ಮುಂದೆ ಕಳಕಪ್ಪ ಮಾಸ್ತರನ ಸೈಕಲ್ ಮೋಟಾರು ನಿಂತಿತ್ತು. ಒಳಗೆ ಬೆಂಚಿನ ಮೇಲೆ ಪುಷ್ಪಾವತಿ ಅಕ್ಕೋರು ಕೈಚೀಲ ಹಿಡಿದು ಕುಳಿತಿದ್ದರು. ಕಳಕಪ್ಪ ಆಕೆಯನ್ನು ಕಂಡು ಮುಖ ಆ ಕಡೆ ತಿರುಗಿಸಿದ. ನಾಳೆಯಿಂದ ಎಷ್ಟು ದಿನ ತನ್ನೊಡನೆ ಮಾತು ಬಿಡುತ್ತಾನೋ, ಬಿಡಲಿ ಎಂದುಕೊಂಡಳು ಇಷ್ರತ.

ನಿಜಾಮುದ್ದೀನ ಬಾಗಿಲಿಗೆ ಬಂದ. ಇವತ್ತು ಎದ್ದು ನಿಂತು ಕುರ್ಚಿ ಒರೆಸಲಿಲ್ಲ.

"ಒಂದ ಕಾಗದದ ಸಲವಾಗಿ ಆರೂ ಫಾರ್ಮ್ ಮತ್ತ ತುಂಬಬೇಕಾತ್ರಿ ಅಕ್ಕೋರ."

"ತುಂಬು" ಎಂದಳು ಇಷ್ರತ, ರಫೀಕನ ಕುರ್ಚಿಯನ್ನು ಮನೆಯ ದಾರಿಗೆ ತಿರುಗಿಸುತ್ತ. "ಈ ಸಲ ಒಬ್ಬೊಬ್ಬರದು ಅವರವರ ಮನಿ ಕೇಳಿ ತುಂಬು."